ಒಂದು ಕಾಪು

ನಮಸ್ಕಾರ, ನಾನು ಎವ್ಲಿನ್ ಲಸ್ರಾದೊ.
ಇಲ್ಲಿಯವರೆಗೆ ಸಲೀಸು.
ಆಮೇಲೆ ಬರುತ್ತದೆ ಬಾಗಿಲ ಮೇಲಿನ ಬೋರ್ಡು:
ವಾಕ್ ಮತ್ತು ಶ್ರವಣ ತಜ್ಞೆ.
ಹನ್ನೆರಡು ವರ್ಷವಾಯಿತು, ಅದನ್ನು ಬಾಯಲ್ಲಿ ಹೇಳುವಾಗ
ಯಾರದೋ ಕೋಟು ತೊಟ್ಟಂತೆ ತೋಳು ಉದ್ದವಾಗುತ್ತದೆ.
ಅದಕ್ಕೆ ಹೇಳುತ್ತೇನೆ, ಮಾತು ಸಿಕ್ಕಿಕೊಂಡವರ ಜೊತೆ
ಕೂತು ಹುಡುಕುವವಳು.

ದೇರಳಕಟ್ಟೆಯ ಕ್ಲಾಸಿನಲ್ಲಿ ಕಲಿಸಿದ್ದರು ಕ್ರಮ:
ಹೆಸರು ಹೇಳು, ಕೆಲಸ ಹೇಳು, ಎಷ್ಟು ಹೊತ್ತು ಹೇಳು,
ಒಪ್ಪಿಗೆ ಕೇಳು, ಕಣ್ಣಿನ ಮಟ್ಟಕ್ಕೆ ಕುರ್ಚಿ ಇಳಿಸು.
ಕಲಿಸದೆ ಬಿಟ್ಟದ್ದು: ಈ ಊರಲ್ಲಿ
ಹೆಸರು ಹೇಳಿದರೆ ಪರಿಚಯ ಮುಗಿಯುವುದಿಲ್ಲ.
‘ಇಲ್ಲ್ ಓಲು?’ ಎನ್ನುತ್ತಾರೆ ತುಳುವಿನಲ್ಲಿ,
ಕೊಂಕಣಿಯವರಾದರೆ ಯಾವ ಇಗರ್ಜಿ, ಯಾವ ವಾಡೊ;
ಬ್ಯಾರಿ ಅಜ್ಜಿಯೊಬ್ಬರು ನನ್ನ ಕೈ ಹಿಡಿದು
ಊಟ ಆಯಿತಾ ಎಂದು ಕೇಳಿದ ಮೇಲೆಯೇ
ಮೊಮ್ಮಗನ ತೊದಲನ್ನು ನನಗೊಪ್ಪಿಸಿದ್ದು.

ಮಂಗಳವಾರ, ಕಂಕನಾಡಿ, ಹತ್ತೂ ಕಾಲು.
ಲೋಕಯ್ಯ ಬಂಗೇರರು ಬಂದರು ಬಲಗಾಲು ಎಳೆದು,
ಹಿಂದೆ ಫೈಲು ಹಿಡಿದ ಜಲಜಕ್ಕ.
ಮೆದುಳಿನ ಎಡಗಡೆ ರಕ್ತ ಹೆಪ್ಪುಗಟ್ಟಿ ಎರಡು ತಿಂಗಳು.
ನಮಸ್ಕಾರ ಅಂದೆ. ಹೆಸರು ಅಂದೆ. ಕುರ್ಚಿ ಇಳಿಸಿದೆ.
ಅಷ್ಟೆಲ್ಲ ಸರಿ ಮಾಡಿ, ಪೆನ್ನು ತೆಗೆದು,
ಜಲಜಕ್ಕನ ಮುಖ ನೋಡಿ ಕೇಳಿಬಿಟ್ಟೆ:
ಇವರ ಹೆಸರೇನು?

ಇವರ.
ಎದುರಿಗೇ ಕೂತವರನ್ನು
ಪಕ್ಕದ ಕೋಣೆಗೆ ಕಳಿಸಿದಂತೆ.
ಅವರು ಕಿಟಕಿಯತ್ತ ತಿರುಗಿದರು,
ಅಲ್ಲಿ ಕಾಣುವುದು ಕ್ಯಾಂಟೀನಿನ ಹೊಗೆಕೊಳವೆ ಮಾತ್ರ.

ತಪ್ಪಾಯಿತು ಅಂದೆ, ಅವರಿಗೇ.
ನಿಮ್ಮ ಹೆಸರು ನೀವೇ ಹೇಳಬೇಕು, ಅವಸರವಿಲ್ಲ.
ಬಾಯಿ ತೆರೆದರು. ನಾಲಿಗೆ ಬಂದು
ಹಲ್ಲಿನ ಹಿಂದೆ ನಿಂತಿತು,
ಗೇಟು ಬಿದ್ದ ರೈಲ್ವೆ ಕ್ರಾಸಿಂಗಿನಲ್ಲಿ ನಿಂತ ಹಾಗೆ.
ಯಾವ ರೈಲೂ ಬರಲಿಲ್ಲ, ಗೇಟೂ ಏಳಲಿಲ್ಲ.
ಜಲಜಕ್ಕ ಸೆರಗಿನ ತುದಿಯಲ್ಲಿ ಅವರ ತುಟಿಯಂಚು ಒರೆಸಿದರು:
ಮೂವತ್ತೊಂದು ವರ್ಷ ಬಸ್ಸಲ್ಲಿದ್ದವರು ಡಾಕ್ಟ್ರೆ,
ಎಕ್ಸ್‌ಪ್ರೆಸ್ ಕಂಡಕ್ಟರ್. ಜ್ಯೋತಿಯಲ್ಲಿ ಕರೆದರೆ
ಬಂಟ್ಸ್ ಹಾಸ್ಟೆಲಿನಲ್ಲಿ ನಿಂತವರು ಓಡಿ ಬರುತ್ತಿದ್ದರು.

ನಾನು ಡಾಕ್ಟರಲ್ಲ. ತಿದ್ದಲಿಲ್ಲ.
ಎದ್ದು ಬಾಗಿಲಿಗೆ ಹೋಗಿ
ಬ್ಯಾಗು ಹೆಗಲಿಗೆ ಹಾಕಿ, ಒಂದು ಕಾಲು ಹೊರಗಿಟ್ಟು
ಕೇಳಿದೆ: ಉಡುಪಿಯಾ?

ಮೊದಲು ಎಡಗೈ ಎದ್ದಿತು.
ಬೆರಳ ಸಂದಿಗಳು ತಾವಾಗಿ ಬಿಡಿಸಿಕೊಂಡವು,
ಉದ್ದಕ್ಕೆ ಮಡಚಿದ ಹತ್ತು ಇಪ್ಪತ್ತರ ನೋಟುಗಳಿಗೆ ಜಾಗ.
ಆಮೇಲೆ ಸ್ವರ, ತುಕ್ಕು ಹಿಡಿದ ಶಟರು ಎತ್ತಿದಂತೆ:
ಕೊಟ್ಟಾರ ಕೂಳೂರು ಪಣಂಬೂರು
ಸುರತ್ಕಲ್ ಮುಕ್ಕ ಹಳೆಯಂಗಡಿ ಮುಲ್ಕಿ
(ಒಮ್ಮೆ ಉಗುಳು ನುಂಗಿ)
ಹೆಜಮಾಡಿ ಪಡುಬಿದ್ರಿ ಉಚ್ಚಿಲ ಕಾಪು ಕಟಪಾಡಿ
ಉಡ್ಪಿ ಉಡ್ಪಿ ಉಡ್ಪಿ!
ಜಲಜಕ್ಕ ನಗುತ್ತಿದ್ದರೋ ಏನೋ,
ಫೈಲನ್ನು ಮುಖಕ್ಕೆ ಹಿಡಿದಿದ್ದರು.

ಪುಸ್ತಕದಲ್ಲಿ ಇದಕ್ಕೆ ಹೆಸರಿದೆ, ಸ್ವಯಂಚಾಲಿತ ಮಾತು:
ಸೋಮ ಮಂಗಳ ಬುಧ, ಒಂದರಿಂದ ಹತ್ತು,
ಬಲ್ಲ ದಾರಿಯಲ್ಲಿ ಬುದ್ಧಿಯನ್ನು ಕೇಳದೆ ಹೋಗುವಂಥದ್ದು.
ಗುಣವಾಯಿತೆಂದಲ್ಲ, ಎಂದೂ ಬರೆದಿದೆ.
ಗೊತ್ತು. ಅವರ ಹೆಸರು ಆ ದಿನ ಬರಲಿಲ್ಲ,
ಮುಂದಿನ ವಾರವೂ ಬರಲಿಲ್ಲ.
ಫಾರ್ಮಿನ ಮೊದಲ ಸಾಲು ಇನ್ನೂ ಖಾಲಿ ಇದೆ,
ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರೂ
ನೋಡಿ ತುಂಬಿಸಲು ನನಗೆ ಕೈ ಬರಲಿಲ್ಲ.

ಆ ಮಂಗಳವಾರ ಮಾತ್ರ ಮೊದಲಿನಿಂದ ಶುರುಮಾಡಿದೆ,
ಬಾಗಿಲಲ್ಲಿ ನಿಂತೇ:
ನಾನು ಎವ್ಲಿನ್. ಅಮ್ಮನ ಮನೆ ಪಾಂಗಾಳ.
ಎಕ್ಸ್‌ಪ್ರೆಸ್ಸು ಅಲ್ಲಿ ನಿಲ್ಲುವುದಿಲ್ಲ ಅಲ್ವಾ,
ಒಂದು ಕಾಪು ಕೊಡಿ.

ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು
ಚಿಲ್ಲರೆ ತಾರದವಳನ್ನು ನೋಡುವ ಹಾಗೆ,
ಎಡಗೈ ಚಾಚಿ
ಪಕ್ಕದ ಖಾಲಿ ಕುರ್ಚಿ ತೋರಿಸಿದರು.
ಕೂತೆ.